ಡಾಕ್ಟರ್ ಥಾಮಸ್ ಹಾಡ್ಜ್‌ಕಿನ್

ರೋಗವೊಂದಕ್ಕೆ ತನ್ನ ಹೆಸರನ್ನು ಬಿಟ್ಟುಹೋಗುವುದು ವಿಚಿತ್ರವಾದ ಕೀರ್ತಿ. ಕವಿಯ ಹೆಸರನ್ನು ಜನರು ಸಂತೋಷದಿಂದ ನೆನೆಯುತ್ತಾರೆ. ಅರಸನ ಹೆಸರನ್ನು ಶಾಸನಗಳು ಕಾಪಾಡುತ್ತವೆ. ಆದರೆ ವ್ಯಾಧಿಯೊಡನೆ ಕೂಡಿಕೊಂಡ ವೈದ್ಯನ ಹೆಸರು ಕಿವಿಗೆ ಬೀಳುವುದು ಆಸ್ಪತ್ರೆಯ ಕೋಣೆಯಲ್ಲಿ, ಭಯದ ಗಳಿಗೆಯಲ್ಲಿ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದನೆಂಬುದನ್ನು ವಿಚಾರಿಸುವ ವ್ಯವಧಾನ ಆಗ ಯಾರಿಗಿದ್ದೀತು? ಲಂಡನ್ನಿನ ಥಾಮಸ್ ಹಾಡ್ಜ್‌ಕಿನ್ನನ ಪಾಲಿಗೆ ಬಂದದ್ದು ಇಂಥ ಕೀರ್ತಿ. ದುಗ್ಧಗ್ರಂಥಿಗಳ ಒಂದು ಬಗೆಯ ಅರ್ಬುದವನ್ನು ಜಗತ್ತಿನ ವೈದ್ಯರೆಲ್ಲ ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಕಾಲದಲ್ಲಿ ಆ ಹೆಸರನ್ನು ಕೇಳಿದವರು ಬದುಕಿನ ಆಸೆಯನ್ನೇ ಬಿಡುತ್ತಿದ್ದರು. ಇಂದು, ಮೈಯೆಲ್ಲ ಹಬ್ಬಿದ ಹಂತದಲ್ಲಿ ಚಿಕಿತ್ಸೆಗೆ ಬಂದವರಲ್ಲಿಯೂ ಬಹುಪಾಲು ಜನರು ಗುಣಹೊಂದಿ ಮನೆಗೆ ಮರಳುವುದುಂಟು.

ಈ ಪರಿವರ್ತನೆಯೆಲ್ಲ ಹಾಡ್ಜ್‌ಕಿನ್ನನ ಮರಣಾನಂತರದ ಕಥೆ. ಆದರೂ ಅದರ ಬೇರನ್ನು ಹುಡುಕುತ್ತ ಹೋದರೆ ನಾವು ಮತ್ತೆ ಆತನ ಬದುಕಿಗೇ ಬಂದು ಸೇರುತ್ತೇವೆ. ಕಂಡದ್ದನ್ನು ಕಂಡಷ್ಟೇ ಬರೆಯುವುದು, ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದು, ಬಲಿಷ್ಠರ ಲೆಕ್ಕದಲ್ಲಿ ಬಲಹೀನರನ್ನು ಮರೆಯದಿರುವುದು, ಈ ಮೂರು ಗುಣಗಳು ಆತನಲ್ಲಿ ಒಂದಾಗಿ ನೆಲಸಿದ್ದವು. ಅವುಗಳಿಗಾಗಿ ಆತನು ತೆತ್ತ ಬೆಲೆಯೂ ಸಣ್ಣದಲ್ಲ.

ಮನೆತನ ಮತ್ತು ವಿದ್ಯಾಭ್ಯಾಸ

ಥಾಮಸ್ ಹಾಡ್ಜ್‌ಕಿನ್ ಹುಟ್ಟಿದ್ದು ೧೭೯೮ನೆಯ ಇಸವಿ ಆಗಸ್ಟ್ ೧೭ರಂದು, ಲಂಡನ್ನಿನ ಪೆಂಟನ್‌ವಿಲ್ ಎಂಬ ಬಡಾವಣೆಯಲ್ಲಿ. ತಂದೆ ಜಾನ್ ಹಾಡ್ಜ್‌ಕಿನ್ ವ್ಯಾಕರಣದಲ್ಲಿಯೂ ಸುಂದರ ಲಿಪಿಲೇಖನದಲ್ಲಿಯೂ ಹೆಸರಾದ ಮನೆಪಾಠದ ಮೇಷ್ಟರು. ಮಗನಿಗೆ ಅಕ್ಷರಾಭ್ಯಾಸದಿಂದ ಹಿಡಿದು ಲ್ಯಾಟಿನ್ ಭಾಷೆಯವರೆಗೆ ಮನೆಯೇ ಪಾಠಶಾಲೆಯಾಯಿತು. ಮನೆತನ ಕ್ವೇಕರ್ ಪಂಥಕ್ಕೆ ಸೇರಿದ್ದು. ಆಡಂಬರವಿಲ್ಲದ ಉಡುಪು, ಸಿರಿವಂತನನ್ನೂ ಆಳನ್ನೂ ಒಂದೇ ಬಗೆಯಾಗಿ ಮಾತಾಡಿಸುವ ರೀತಿ, ಆಣೆ ಪ್ರಮಾಣಗಳ ನಿರಾಕರಣೆ, ಯುದ್ಧಕ್ಕೂ ಗುಲಾಮಗಿರಿಗೂ ವಿರೋಧ, ಇವು ಆ ಪಂಥದ ಲಕ್ಷಣಗಳು. ಹಾಡ್ಜ್‌ಕಿನ್ ಈ ನಡೆನುಡಿಗಳನ್ನು ಜೀವಮಾನದುದ್ದಕ್ಕೂ ಬಿಡಲಿಲ್ಲ.

ಆಗ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ವಿದ್ಯಾಲಯಗಳ ಪದವಿಗಳು ರಾಜ್ಯದ ಅಧಿಕೃತ ಚರ್ಚಿಗೆ ಸೇರಿದವರಿಗೆ ಮಾತ್ರ ಮೀಸಲಾಗಿದ್ದವು. ಆದುದರಿಂದ ಕ್ವೇಕರ್ ತರುಣರು ವೈದ್ಯವೃತ್ತಿಗೆ ಬರಬೇಕಾದರೆ ಬೇರೆ ದಾರಿ ಹಿಡಿಯಬೇಕಾಗಿತ್ತು. ಹಾಡ್ಜ್‌ಕಿನ್ನನು ಮೊದಲು ಔಷಧ ವ್ಯಾಪಾರಿಗಳ ಬಳಿ ಉಮೇದುವಾರನಾಗಿ ದುಡಿದು, ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಕಲಿತು, ೧೮೨೦ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯವನ್ನು ಸೇರಿದನು. ನಡುವೆ ಒಂದು ವರ್ಷ ಪ್ಯಾರಿಸ್ಸಿಗೆ ಹೋದನು. ಅಲ್ಲಿ ಲೆನೆಕ್ ಎಂಬ ಮಹಾವೈದ್ಯನು ತಾನು ಕಂಡುಹಿಡಿದ ಮರದ ನಳಿಕೆಯನ್ನು ರೋಗಿಯ ಎದೆಗಿಟ್ಟು, ಒಳಗಿನ ಸದ್ದನ್ನು ಆಲಿಸಿ, ರೋಗನಿದಾನ ಮಾಡುತ್ತಿದ್ದನು. ಬದುಕಿದ್ದಾಗ ಕೇಳಿದ ಸದ್ದಿಗೂ ಸತ್ತಮೇಲೆ ಶವದಲ್ಲಿ ಕಂಡ ವಿಕೃತಿಗೂ ತಾಳೆ ನೋಡುವುದು ಆ ಗುರುವಿನ ವಿಧಾನ. ಹಾಡ್ಜ್‌ಕಿನ್ ಆ ವಿದ್ಯೆಯನ್ನು ಕಲಿತು, ಆ ನಳಿಕೆಯನ್ನೂ ಹಿಡಿದು ಲಂಡನ್ನಿಗೆ ಹಿಂದಿರುಗಿ, ಗೈಸ್ ಆಸ್ಪತ್ರೆಯ ವೈದ್ಯಸಭೆಗೆ ಅದರ ಉಪಯೋಗವನ್ನು ವಿವರಿಸಿದನು. ೧೮೨೩ರಲ್ಲಿ ಎಡಿನ್‌ಬರೋ ಆತನಿಗೆ ವೈದ್ಯ ಪದವಿಯನ್ನಿತ್ತಿತು.

ಮೃತರ ಪರಿವೀಕ್ಷಕ

ಗೈಸ್ ಆಸ್ಪತ್ರೆ ಒಬ್ಬ ಪುಸ್ತಕ ವ್ಯಾಪಾರಿಯ ದಾನದಿಂದ ೧೮ನೆಯ ಶತಮಾನದಲ್ಲಿ ತಲೆಯೆತ್ತಿದ ಸಂಸ್ಥೆ. ಅಲ್ಲಿ ಸ್ವತಂತ್ರ ವೈದ್ಯ ವಿದ್ಯಾಲಯವೊಂದು ಪ್ರಾರಂಭವಾದಾಗ ತರುಣ ಹಾಡ್ಜ್‌ಕಿನ್ನನಿಗೆ ಎರಡು ಕೆಲಸಗಳು ದೊರೆತವು. ಒಂದು, ರೋಗವಿಕೃತಿಯ ವಸ್ತುಸಂಗ್ರಹಾಲಯದ ಪಾಲನೆ. ಇನ್ನೊಂದು, ಮೃತರ ಪರಿವೀಕ್ಷಕನೆಂಬ ಹುದ್ದೆ. ಹೆಸರು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆಸ್ಪತ್ರೆಯಲ್ಲಿ ತೀರಿಕೊಂಡವರ ಶವಗಳನ್ನು ಪರೀಕ್ಷಿಸುವುದು, ಕಂಡುದನ್ನು ಬರೆದಿಡುವುದು, ಬೋಧನೆಗೆ ಯೋಗ್ಯವಾದ ಭಾಗಗಳನ್ನು ಜಾಡಿಗಳಲ್ಲಿ ಕಾಪಾಡುವುದು, ಇದೇ ಆ ಕೆಲಸ. ಪ್ರಾಕ್ಟೀಸಿನಿಂದ ಹಣ ಗಳಿಸಬೇಕೆಂಬ ವೈದ್ಯನು ಆಶಿಸುವ ಸ್ಥಾನವಲ್ಲ ಅದು. ಹಾಡ್ಜ್‌ಕಿನ್ ಅದರಲ್ಲಿ ಸುಮಾರು ಹನ್ನೆರಡು ವರ್ಷಗಳನ್ನು ಕಳೆದನು.

ಆತನ ಕೈಯಲ್ಲಿ ಆ ಸಂಗ್ರಹವು ಮೂರು ಸಾವಿರಕ್ಕೂ ಮಿಕ್ಕು ಬೆಳೆಯಿತು. ೧೮೨೯ರಲ್ಲಿ ಅದರ ವಿವರಪಟ್ಟಿ ಪ್ರಕಟವಾಯಿತು. ಒಂದೊಂದು ಜಾಡಿಗೂ ಚೀಟಿ, ಸಂಖ್ಯೆ. ಯಾವ ರೋಗಿ, ಬದುಕಿದ್ದಾಗ ಏನು ಕಂಡುಬಂದಿತ್ತು, ಶವದಲ್ಲಿ ಏನು ಸಿಕ್ಕಿತು ಎಂಬುದರ ಬರವಣಿಗೆ. ಇದೇ ಕಾಲದಲ್ಲಿ, ಜೋಸೆಫ್ ಜಾಕ್‌ಸನ್ ಲಿಸ್ಟರ್ ಎಂಬ ಕ್ವೇಕರ್ ಗೆಳೆಯನೊಡನೆ ಕೂಡಿ, ಲಿಸ್ಟರನು ತಾನೇ ಸುಧಾರಿಸಿದ್ದ ಸೂಕ್ಷ್ಮದರ್ಶಕದಲ್ಲಿ ರಕ್ತವನ್ನು ಪರೀಕ್ಷಿಸಿ, ಮಾನವನ ಕೆಂಪು ರಕ್ತಕಣವು ಗುಂಡಲ್ಲ, ಎರಡು ಬದಿಯೂ ತಗ್ಗಾದ ಬಿಲ್ಲೆಯಂತಿದೆಯೆಂದು ೧೮೨೭ರಲ್ಲಿ ತೋರಿಸಿಕೊಟ್ಟನು. ಆ ಗೆಳೆಯನ ಮಗನೇ ಮುಂದೆ ಶಸ್ತ್ರಚಿಕಿತ್ಸೆಯನ್ನು ನಂಜಿನಿಂದ ಪಾರುಮಾಡಿದ ಲೋಕವಿಖ್ಯಾತ ಲಿಸ್ಟರ್. ಹೃದಯದಿಂದ ಹೊರಡುವ ಮಹಾಧಮನಿಯ ಕವಾಟಗಳು ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಹರಿಯುವ ದೋಷವನ್ನೂ ಹಾಡ್ಜ್‌ಕಿನ್ ೧೮೨೯ರ ಹೊತ್ತಿಗೇ ವರ್ಣಿಸಿದ್ದನು. ಮೂರು ವರ್ಷಗಳ ಅನಂತರ ಅದನ್ನೇ ವರ್ಣಿಸಿದ ಡಬ್ಲಿನ್ನಿನ ಕಾರಿಗನ್ನನ ಹೆಸರು ಆ ದೋಷಕ್ಕೆ ನಿಂತಿತು. ಕೀರ್ತಿಯು ಯಾರ ಬಾಗಿಲನ್ನು ತಟ್ಟುತ್ತದೆಯೋ ಬಲ್ಲವರಾರು!

೧೮೩೨ರ ಲೇಖನ

೧೮೩೨ರ ಜನವರಿಯಲ್ಲಿ ಲಂಡನ್ನಿನ ವೈದ್ಯ ಮತ್ತು ಶಸ್ತ್ರವೈದ್ಯ ಸಂಘದಲ್ಲಿ ಒಂದು ಪ್ರಬಂಧದ ವಾಚನವಾಯಿತು. ಬರೆದವನು ಹಾಡ್ಜ್‌ಕಿನ್, ಆದರೆ ಆತನು ಆ ಸಂಘದ ಸದಸ್ಯನಲ್ಲದ ಕಾರಣ ಕಾರ್ಯದರ್ಶಿಯು ಓದಿಹೇಳಬೇಕಾಯಿತು. ವಿಷಯ, ದುಗ್ಧಗ್ರಂಥಿಗಳಲ್ಲಿಯೂ ಗುಲ್ಮದಲ್ಲಿಯೂ ಕಂಡುಬರುವ ಕೆಲವು ವಿಕೃತಿಗಳು. ಕೊರಳು, ಕಂಕುಳು, ತೊಡೆಸಂದು, ಎದೆಗೂಡು, ಹೊಟ್ಟೆಯ ಹಿಂಭಾಗ ಮೊದಲಾದೆಡೆ ಸಾಲುಸಾಲಾಗಿರುವ ಸಣ್ಣ ಗ್ರಂಥಿಗಳೇ ದುಗ್ಧಗ್ರಂಥಿಗಳು. ಸೋಂಕಿನೊಡನೆ ಹೋರಾಡುವುದು ಅವುಗಳ ಧರ್ಮವೆಂದು ನಾವು ಇಂದು ಬಲ್ಲೆವು.

ಪ್ರಬಂಧದಲ್ಲಿ ಏಳು ರೋಗಿಗಳ ವೃತ್ತಾಂತವಿತ್ತು. ಗ್ರಂಥಿಗಳು ಒಂದರ ಪಕ್ಕದಲ್ಲಿ ಒಂದು ಊದುತ್ತ ಹೋಗಿ, ಅನೇಕರಲ್ಲಿ ಗುಲ್ಮವೂ ಹಿಗ್ಗಿ, ರೋಗಿ ದಿನೇದಿನೇ ಕೃಶನಾಗಿ ಸಾಯುವ ಚಿತ್ರ ಅದರಲ್ಲಿದೆ. ಏಳನೆಯ ವೃತ್ತಾಂತ ತನ್ನದಲ್ಲವೆಂದೂ, ಮಿತ್ರ ರಾಬರ್ಟ್ ಕಾರ್ಸ್‌ವೆಲ್ ಪ್ಯಾರಿಸ್ಸಿನಲ್ಲಿ ಬರೆದಿದ್ದ ವರ್ಣಚಿತ್ರವನ್ನು ಕಂಡು ತಿಳಿದದ್ದೆಂದೂ ಲೇಖಕನು ಒಪ್ಪಿಕೊಂಡಿದ್ದಾನೆ. ತನಗಿಂತ ಸುಮಾರು ೧೭೦ ವರ್ಷ ಹಿಂದಿನ ಇಟಲಿಯ ಮಾಲ್ಪಿಗಿ ಇಂಥದನ್ನು ಕಂಡಿದ್ದಿರಬೇಕೆಂದು ಹೇಳಿ ಪೂರ್ವಸೂರಿಗೂ ಸಲ್ಲಬೇಕಾದುದನ್ನು ಸಲ್ಲಿಸಿದ್ದಾನೆ. ಆದರೆ ಹೇಳಬೇಕಾದ ಒಂದು ಮಾತನ್ನು ದೃಢವಾಗಿ ಹೇಳಿದನು. ಅದುವರೆಗೆ ಗ್ರಂಥಿ ಊದುವುದೆಂದರೆ ಬೇರೆಲ್ಲಿಯೋ ಇರುವ ಹುಣ್ಣಿನ ಅಥವಾ ಕ್ಷಯದ ಪರಿಣಾಮವೆಂದು ವೈದ್ಯರ ನಂಬಿಕೆ. ಈ ರೋಗಿಗಳಲ್ಲಿ ಅದು ಹಾಗಲ್ಲ, ಗ್ರಂಥಿಗಳಲ್ಲಿಯೇ ಹುಟ್ಟಿದ ಮೂಲರೋಗ ಇದು ಎಂಬುದೇ ಆತನ ತೀರ್ಮಾನ.

ಕೆಂಪು ರಕ್ತಕಣದ ಆಕಾರವನ್ನು ನಿರ್ಧರಿಸಿದ ಸೂಕ್ಷ್ಮದರ್ಶಕವನ್ನು ಆತನು ಈ ಗ್ರಂಥಿಗಳ ಮೇಲೆ ತಿರುಗಿಸಲಿಲ್ಲವೆಂಬುದು ಒಂದು ಸೋಜಿಗ. ಬರಿಗಣ್ಣಿನಿಂದಲೇ ನೋಡಿ, ಒಂದು ಶವವನ್ನು ಇನ್ನೊಂದಕ್ಕೆ ಹೋಲಿಸಿ ಬರೆದದ್ದು. ೧೯೨೬ರಲ್ಲಿ, ಗೈಸ್ ಸಂಗ್ರಹಾಲಯದಲ್ಲಿ ಉಳಿದಿದ್ದ ಆ ಮೂಲ ರೋಗಿಗಳ ಗ್ರಂಥಿಗಳನ್ನು ಹರ್ಬರ್ಟ್ ಫಾಕ್ಸ್ ಎಂಬ ವಿದ್ವಾಂಸನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಮೂವರಲ್ಲಿ ಇಬ್ಬರಿಗೆ ಇದ್ದದ್ದು ನಿಜವಾಗಿಯೂ ಅದೇ ರೋಗವೆಂದು ಸ್ಥಿರಪಟ್ಟಿತು. ಸುಮಾರು ಒಂದು ಶತಮಾನದ ಕಾಲ ಜಾಡಿಯಲ್ಲಿ ಕುಳಿತಿದ್ದ ಮಾಂಸಖಂಡವು, ಸರಿಯಾದ ಚೀಟಿ ಅಂಟಿದ್ದುದರಿಂದಲೇ ಸಾಕ್ಷ್ಯ ನುಡಿಯಲು ಸಾಧ್ಯವಾಯಿತು.

ಪ್ರಬಂಧಕ್ಕೆ ದೊರೆತ ಪ್ರತಿಕ್ರಿಯೆ ಮಾತ್ರ ಮೌನ. ಔಷಧವನ್ನು ಹೇಳದ, ಸತ್ತವರ ವರ್ಣನೆಯಿಂದಲೇ ತುಂಬಿದ ಬರಹದ ಕಡೆ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ಕೈತಪ್ಪಿದ ಪದವಿ

ಆ ಕಾಲದ ಗೈಸ್ ಆಸ್ಪತ್ರೆಯ ಮೂವರು ಮಹನೀಯರೆಂದು ಇಂದಿನ ಇತಿಹಾಸಕಾರರು ಎಣಿಸುವುದು ಮೂತ್ರಪಿಂಡದ ರೋಗವನ್ನು ವಿವರಿಸಿದ ರಿಚರ್ಡ್ ಬ್ರೈಟ್, ಮೂತ್ರಪಿಂಡದ ನೆತ್ತಿಯ ಗ್ರಂಥಿಗಳ ರೋಗವನ್ನು ಗುರುತಿಸಿದ ಥಾಮಸ್ ಅಡಿಸನ್ ಮತ್ತು ನಮ್ಮ ಹಾಡ್ಜ್‌ಕಿನ್ ಇವರನ್ನು. ಮೊದಲಿಬ್ಬರು ಅಲ್ಲಿಯೇ ವೈದ್ಯರಾಗಿ ಪ್ರಖ್ಯಾತರಾದರು. ಮೂರನೆಯವನಿಗೆ ಆ ಬಾಗಿಲು ತೆರೆಯಲಿಲ್ಲ.

೧೮೩೭ರಲ್ಲಿ ಆಸ್ಪತ್ರೆಯ ಒಬ್ಬ ವೈದ್ಯನು ತೀರಿಕೊಂಡು, ಅಡಿಸನ್ ಆ ಸ್ಥಾನಕ್ಕೆ ಏರಿದಾಗ, ಸಹಾಯಕ ವೈದ್ಯನ ಸ್ಥಾನ ತೆರವಾಯಿತು. ವಿದ್ವತ್ತಿನಿಂದಲೂ ಸೇವೆಯಿಂದಲೂ ಅದು ಹಾಡ್ಜ್‌ಕಿನ್ನನಿಗೆ ಸಲ್ಲಬೇಕಾದ ಸ್ಥಾನ. ಆದರೆ ಆಸ್ಪತ್ರೆಯ ಖಜಾಂಚಿ ಬೆಂಜಮಿನ್ ಹ್ಯಾರಿಸನ್ ಅಲ್ಲಿಯ ಸರ್ವಾಧಿಕಾರಿಯಂತಿದ್ದನು. ಈತನು ಉತ್ತರ ಅಮೆರಿಕದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪೆನಿಯ ಆಡಳಿತದಲ್ಲಿಯೂ ದೊಡ್ಡ ಕೈ. ಆ ಕಂಪೆನಿಯ ಸೀಮೆಯಲ್ಲಿ ಮೂಲನಿವಾಸಿಗಳ ಸ್ಥಿತಿ ಶೋಚನೀಯವಾಗಿದೆಯೆಂದು ಹಾಡ್ಜ್‌ಕಿನ್ ಸಂಕೋಚವಿಲ್ಲದೆ ಹ್ಯಾರಿಸನ್ನನಿಗೇ ಬರೆದು ತಿಳಿಸಿದ್ದನು. ತನ್ನ ಅನ್ನದ ಬಟ್ಟಲು ಯಾರ ಕೈಯಲ್ಲಿದೆಯೆಂಬುದನ್ನು ಬಲ್ಲ ಜಾಣನು ಮಾಡುವ ಕೆಲಸವಲ್ಲ ಅದು. ಲಂಡನ್ನಿನಲ್ಲಿ ಹೊಸದಾಗಿ ಹುಟ್ಟಿದ, ಮತಭೇದವಿಲ್ಲದ ವಿಶ್ವವಿದ್ಯಾಲಯಕ್ಕೆ ಆತನು ಕೊಟ್ಟ ಬೆಂಬಲವೂ ಖಜಾಂಚಿಗೆ ಹಿಡಿಸಲಿಲ್ಲ. ಸ್ಥಾನ ಬ್ಯಾಬಿಂಗ್ಟನ್ ಎಂಬ ಇನ್ನೊಬ್ಬನಿಗೆ ಹೋಯಿತು. ಹಾಡ್ಜ್‌ಕಿನ್ ರಾಜೀನಾಮೆಯನ್ನಿತ್ತು, ತಾನು ಕಟ್ಟಿದ ಸಂಗ್ರಹಾಲಯವನ್ನು ಬಿಟ್ಟು ಹೊರಬಂದನು. ಆಗ ವಯಸ್ಸು ಮೂವತ್ತೊಂಬತ್ತು. ರೋಗವಿಕೃತಿಶಾಸ್ತ್ರದಲ್ಲಿ ಆತನು ಮಾಡಬೇಕಾಗಿದ್ದ ಇನ್ನೆಷ್ಟೋ ಕೆಲಸ ಬಹುಮಟ್ಟಿಗೆ ಅಂದಿಗೇ ನಿಂತುಹೋಯಿತು.

ದೀನಬಂಧು

ಮನೆಯ ಸುಖವೂ ಆತನಿಗೆ ಬೇಗ ಒದಗಲಿಲ್ಲ. ಯೌವನದಲ್ಲಿ ಒಲಿದದ್ದು ಸೋದರಸಂಬಂಧಿಯಾದ ಕನ್ಯೆಯನ್ನು. ನಮ್ಮ ಸೀಮೆಯಲ್ಲಾದರೆ ಹಿರಿಯರೇ ಮುಂದೆ ನಿಂತು ಲಗ್ನ ಮಾಡಿಸುತ್ತಿದ್ದರೇನೋ. ಕ್ವೇಕರರ ಕಟ್ಟಳೆ ಅಂಥ ವಿವಾಹವನ್ನು ನಿಷೇಧಿಸಿತ್ತು. ಪಂಥದ ನಿಯಮ ಬದಲಾಗಬೇಕೆಂದು ವಾದಿಸಿ ಸೋತು, ಐವತ್ತು ದಾಟಿದ ಮೇಲೆ ೧೮೫೦ರಲ್ಲಿ ಒಬ್ಬ ವಿಧವೆಯನ್ನು ಮದುವೆಯಾದನು. ಮಕ್ಕಳಾಗಲಿಲ್ಲ.

ಆಸ್ಪತ್ರೆಯನ್ನು ಬಿಟ್ಟ ಮೇಲೆ ಆತನ ಶಕ್ತಿಯೆಲ್ಲ ಪರೋಪಕಾರದ ಕಡೆಗೆ ಹರಿಯಿತು. ವಸಾಹತುಗಳಲ್ಲಿ ನೆಲವನ್ನೂ ಜೀವವನ್ನೂ ಕಳೆದುಕೊಳ್ಳುತ್ತಿದ್ದ ಮೂಲನಿವಾಸಿಗಳ ರಕ್ಷಣೆಗಾಗಿ ಒಂದು ಸಂಘ ೧೮೩೭ರ ಸುಮಾರಿಗೆ ಲಂಡನ್ನಿನಲ್ಲಿ ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲಿ ಹಾಡ್ಜ್‌ಕಿನ್ ಪ್ರಮುಖನು. ಜನಾಂಗಗಳ ಭಾಷೆ, ಆಚಾರಗಳ ಅಧ್ಯಯನಕ್ಕೆಂದು ೧೮೪೩ರಲ್ಲಿ ಹುಟ್ಟಿದ ಸಂಸ್ಥೆಯೂ ಆತನ ಪ್ರಯತ್ನದ ಫಲ. ಗಾಳಿ ಬೆಳಕು, ಶುಚಿತ್ವ, ಮಿತಾಹಾರ, ವ್ಯಾಯಾಮಗಳ ವಿಷಯದಲ್ಲಿ ಕೂಲಿಕಾರರಿಗೆ ಉಪನ್ಯಾಸಗಳನ್ನಿತ್ತು ಪುಸ್ತಕವನ್ನೂ ಪ್ರಕಟಿಸಿದನು. ಬಡರೋಗಿಗಳಿಂದ ಹಣ ಕೇಳುವುದು ಆತನಿಗೆ ಆಗದ ಕೆಲಸ. ಉಳ್ಳವರಿಂದ ಕೇಳುವುದಕ್ಕೂ ಮರೆವು. ಹೀಗಾಗಿ ಪ್ರಾಕ್ಟೀಸು ಎಂದೂ ಕೈಹತ್ತಲಿಲ್ಲ.

ಆತನ ಎಣಿಕೆಗಳೆಲ್ಲ ಸರಿಯಾಗಿದ್ದವೆಂದೂ ಹೇಳಲಾಗದು. ಅಮೆರಿಕದ ನೀಗ್ರೋ ಜನರನ್ನು ಆಫ್ರಿಕದ ಲೈಬೀರಿಯಕ್ಕೆ ಕರೆದೊಯ್ದು ನೆಲೆಗೊಳಿಸುವ ಯೋಜನೆಯನ್ನು ಆತನು ಸಮರ್ಥಿಸಿದನು. ಹುಟ್ಟಿದ ನೆಲದಲ್ಲಿಯೇ ಸ್ವಾತಂತ್ರ್ಯ ಬೇಕೆಂದು ಹೋರಾಡುತ್ತಿದ್ದವರಿಗೆ ಇದು ಗುಲಾಮರ ಒಡೆಯರಿಗೆ ಅನುಕೂಲವಾದ ಉಪಾಯವಾಗಿ ಕಂಡಿತು. ಗುಲಾಮಗಿರಿಯ ವಿರೋಧಿಗಳಲ್ಲೇ ಅನೇಕರು ಆತನನ್ನು ಖಂಡಿಸಿದರು. ಸದುದ್ದೇಶವೊಂದೇ ಸರಿದಾರಿಯನ್ನು ತೋರಿಸುವುದಿಲ್ಲವೆಂಬುದಕ್ಕೆ ಇದೂ ಒಂದು ನಿದರ್ಶನ.

ಯಹೂದಿ ದಾನಶೂರ ಸರ್ ಮೋಸೆಸ್ ಮಾಂಟಿಫಿಯೋರಿ ಆತನ ಆಪ್ತಮಿತ್ರ. ಸಂಕಟದಲ್ಲಿದ್ದ ಯಹೂದಿಗಳ ನೆರವಿಗಾಗಿ ಮಾಂಟಿಫಿಯೋರಿ ದೂರದೇಶಗಳಿಗೆ ಹೊರಟಾಗ ಹಾಡ್ಜ್‌ಕಿನ್ ವೈದ್ಯನಾಗಿ, ಗೆಳೆಯನಾಗಿ ಜೊತೆಗೂಡುತ್ತಿದ್ದನು. ೧೮೬೩-೬೪ರಲ್ಲಿ ಮೊರೊಕ್ಕೋ ಯಾತ್ರೆ ನಡೆಯಿತು. ೧೮೬೬ರಲ್ಲಿ ಪ್ಯಾಲೆಸ್ಟೈನಿನ ಕಡೆ ಹೊರಟರು. ದಾರಿಯಲ್ಲಿ ಹಾಡ್ಜ್‌ಕಿನ್ನನಿಗೆ ಆಮಶಂಕೆ ಹತ್ತಿತು. ಗೆಳೆಯನು ಜೆರೂಸಲೇಮಿಗೆ ಹೋಗಲೇಬೇಕಾಗಿತ್ತು. ಈತನು ಜಾಫಾ ಬಂದರಿನಲ್ಲಿ ಉಳಿದು, ಏಪ್ರಿಲ್ ತಿಂಗಳ ಮೊದಲ ವಾರದಲ್ಲಿ ಅಲ್ಲಿಯೇ ಪ್ರಾಣಬಿಟ್ಟನು. ಮಾಂಟಿಫಿಯೋರಿ ಮಿತ್ರನ ಗೋರಿಯ ಮೇಲೆ ಸ್ಮಾರಕಸ್ತಂಭವೊಂದನ್ನು ನಿಲ್ಲಿಸಿದನು.

ಆ ಮರಣಕ್ಕೆ ಒಂದು ವರ್ಷ ಮೊದಲು, ಗೈಸ್ ಆಸ್ಪತ್ರೆಯಲ್ಲಿ ಒಂದು ನ್ಯಾಯ ನಡೆದುಹೋಗಿತ್ತು. ಅಲ್ಲಿಯ ಸಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯನು ಇದೇ ಗ್ರಂಥಿರೋಗವನ್ನು ಸ್ವತಂತ್ರವಾಗಿ ಕಂಡುಹಿಡಿದೆನೆಂದು ಭಾವಿಸಿ ೧೮೫೬ರಲ್ಲಿ ಬರೆದಿದ್ದನು. ಹಾಡ್ಜ್‌ಕಿನ್ ತನಗಿಂತ ಮೊದಲೇ ಅದನ್ನು ಕಂಡಿದ್ದನೆಂಬುದು ಬ್ರೈಟನ ಬರಹದಿಂದ ತಿಳಿದುಬಂದಾಗ, ೧೮೬೫ರ ತನ್ನ ಲೇಖನದಲ್ಲಿ ಆ ರೋಗವನ್ನು ಹಾಡ್ಜ್‌ಕಿನ್ನನ ರೋಗವೆಂದೇ ಕರೆದನು. ತನ್ನ ಹೆಸರನ್ನು ಇಟ್ಟುಕೊಳ್ಳಬಹುದಾಗಿದ್ದ ಕಡೆ ಪರರ ಹೆಸರನ್ನಿಟ್ಟ ವಿಲ್ಕ್ಸನ ಔದಾರ್ಯವೂ ಸ್ಮರಣೀಯವಾದುದು.

ಹೆಸರಿನ ಎರಡನೆಯ ಜನ್ಮ

ಇನ್ನು ಮುಂದಿನದು ಮನುಷ್ಯನ ಕಥೆಯಲ್ಲ, ಹೆಸರಿನ ಕಥೆ. ೧೮೯೮ರಲ್ಲಿ ಆಸ್ಟ್ರಿಯದ ಸ್ಟರ್ನ್‌ಬರ್ಗ್, ೧೯೦೨ರಲ್ಲಿ ಅಮೆರಿಕದ ಡೊರೋತಿ ರೀಡ್ ಎಂಬ ಮಹಿಳೆ, ಈ ರೋಗಕ್ಕೇ ವಿಶಿಷ್ಟವಾದ ದೈತ್ಯ ಜೀವಕೋಶಗಳನ್ನು ವರ್ಣಿಸಿದರು. ಕ್ಷ-ಕಿರಣದಿಂದ ಗಡ್ಡೆಗಳು ಕರಗುವುದು ಕಂಡುಬಂದಿತು. ಸ್ವಿಟ್ಜರ್ಲೆಂಡಿನ ಗಿಲ್ಬರ್ಟ್, ಕೆನಡದ ವೇರಾ ಪೀಟರ್ಸ್, ಅಮೆರಿಕದ ಹೆನ್ರಿ ಕ್ಯಾಪ್ಲನ್ ಇವರ ಪರಿಶ್ರಮದಿಂದ, ಒಂದೆರಡು ಕಡೆ ಮಾತ್ರ ಇರುವ ರೋಗ ಕಿರಣಚಿಕಿತ್ಸೆಯಿಂದ ಗುಣವಾಗತೊಡಗಿತು. ಆದರೆ ವಪೆಯ ಮೇಲೂ ಕೆಳಗೂ ಹಬ್ಬಿ, ಯಕೃತ್ತನ್ನೋ ಎಲುಬಿನ ಮಜ್ಜೆಯನ್ನೋ ಹೊಕ್ಕ ಮುಂದುವರಿದ ರೋಗವನ್ನು ಕಿರಣ ಎಲ್ಲೆಂದು ಅಟ್ಟಬೇಕು? ಅಲ್ಲಿ ರಕ್ತದೊಡನೆ ಮೈಯೆಲ್ಲ ಸಂಚರಿಸುವ ಔಷಧವೇ ಬೇಕು.

ಮೊದಲ ಔಷಧ ಬಂದದ್ದು ಯುದ್ಧದ ವಿಷದಿಂದ. ಸಾಸಿವೆ ಅನಿಲದ ಬಂಧುವಾದ ನೈಟ್ರೋಜನ್ ಮಸ್ಟರ್ಡ್ ದುಗ್ಧಗ್ರಂಥಿಗಳನ್ನು ಕುಗ್ಗಿಸುವುದನ್ನು ಕಂಡು ಅಮೆರಿಕದ ಯೇಲ್‌ನಲ್ಲಿ ೧೯೪೨ರಲ್ಲಿ ಅದನ್ನು ರೋಗಿಗೆ ಕೊಟ್ಟರು. ಗಡ್ಡೆ ಕರಗುತ್ತಿತ್ತು, ಕೆಲವು ವಾರ ತಿಂಗಳುಗಳಲ್ಲಿ ಮತ್ತೆ ತಲೆಯೆತ್ತುತ್ತಿತ್ತು. ಒಂದೊಂದಾಗಿ ಕೊಟ್ಟ ಬೇರೆ ಔಷಧಗಳ ಗತಿಯೂ ಅಷ್ಟೆ. ಕ್ಷಯದ ಚಿಕಿತ್ಸೆಯಲ್ಲಿ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಪದ್ಧತಿ ಆಗಲೇ ಫಲಿಸಿತ್ತು. ಅದೇ ತತ್ತ್ವವನ್ನು ಅಮೆರಿಕದ ರಾಷ್ಟ್ರೀಯ ಅರ್ಬುದ ಸಂಸ್ಥೆಯಲ್ಲಿ ವಿನ್ಸೆಂಟ್ ಡೆವೀಟ ಮತ್ತು ಸಂಗಡಿಗರು ೧೯೬೪ರಿಂದ ಇಲ್ಲಿಯೂ ಅನ್ವಯಿಸಿದರು. ಕೊಲ್ಲುವ ಬಗೆ ಬೇರೆಯಾದ, ದೇಹಕ್ಕೆ ಮಾಡುವ ಹಾನಿಯೂ ಬೇರೆಯಾದ ನಾಲ್ಕು ಔಷಧಗಳನ್ನು ಪೂರ್ಣ ಪ್ರಮಾಣದಲ್ಲಿ ಎರಡು ವಾರ ಕೊಡುವುದು, ಮಜ್ಜೆ ಚೇತರಿಸಿಕೊಳ್ಳಲೆಂದು ಎರಡು ವಾರ ಬಿಡುವುದು, ಹೀಗೆ ಆರು ಆವರ್ತನಗಳು. ನೈಟ್ರೋಜನ್ ಮಸ್ಟರ್ಡ್, ವಿನ್‌ಕ್ರಿಸ್ಟೀನ್, ಪ್ರೊಕಾರ್ಬಜೀನ್, ಪ್ರೆಡ್ನಿಸೋನ್ ಎಂಬ ಈ ನಾಲ್ಕರ ಕೂಟಕ್ಕೆ ಮಾಪ್ ಎಂದು ಹೆಸರಾಯಿತು. ಇವುಗಳಲ್ಲಿ ವಿನ್‌ಕ್ರಿಸ್ಟೀನ್ ದೊರೆಯುವುದು ನಮ್ಮ ಹಿತ್ತಿಲುಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಿಂದ ಎಂಬುದನ್ನು ಓದುಗರು ಗಮನಿಸಬಹುದು. ೧೯೭೦ರಲ್ಲಿ ಪ್ರಕಟವಾದ ವರದಿಯಂತೆ ೪೩ ರೋಗಿಗಳಲ್ಲಿ ೩೫ ಜನರಲ್ಲಿ ರೋಗದ ಕುರುಹೇ ಇಲ್ಲದಂತಾಯಿತು. ಅವರಲ್ಲಿ ಅನೇಕರಿಗೆ ಅದು ಮರಳಿ ಬರಲೇ ಇಲ್ಲ.

ಆದರೆ ಗೆಲುವಿಗೆ ಬೆಲೆಯಿತ್ತು. ಈ ರೋಗ ಹೆಚ್ಚಾಗಿ ತರುಣರನ್ನು ಹಿಡಿಯುವಂಥದು. ಮಾಪ್‌ನಿಂದ ಬದುಕಿದ ಗಂಡಸರಲ್ಲಿ ಬಹುಮಂದಿಗೆ ಸಂತಾನಶಕ್ತಿ ಉಡುಗುತ್ತಿತ್ತು. ಕೆಲವರಿಗೆ ಕೆಲವು ವರ್ಷಗಳ ಮೇಲೆ ಚಿಕಿತ್ಸೆಯ ಫಲವಾಗಿಯೇ ರಕ್ತದ ಅರ್ಬುದ ಬರುತ್ತಿತ್ತು. ಇಟಲಿಯ ಮಿಲಾನಿನಲ್ಲಿ ಜಿಯಾನಿ ಬೊನಡೋನ ಮಾಪ್‌ಗೆ ಬಗ್ಗದ ರೋಗಿಗಳಿಗಾಗಿ ಸಂಪೂರ್ಣವಾಗಿ ಬೇರೆಯಾದ ನಾಲ್ಕು ಔಷಧಗಳನ್ನು ಆರಿಸಿ ೧೯೭೫ರಲ್ಲಿ ಪ್ರಕಟಿಸಿದನು. ಎಡ್ರಿಯಾಟಿಕ್ ಸಮುದ್ರದ ಹೆಸರನ್ನು ಹೊತ್ತ ಏಡ್ರಿಯಮೈಸಿನ್, ಜಪಾನಿನ ಉಮೆಝಾವ ಕಂಡುಹಿಡಿದ ಬ್ಲಿಯೋಮೈಸಿನ್, ನಿತ್ಯಪುಷ್ಪದ್ದೇ ಇನ್ನೊಂದು ಸಾರವಾದ ವಿನ್‌ಬ್ಲಾಸ್ಟೀನ್ ಮತ್ತು ಡಕಾರ್ಬಜೀನ್. ಇದು ಎ.ಬಿ.ವಿ.ಡಿ. ಎಂಬ ಕೂಟ.

ಯಾವುದು ಮೇಲು? ಹಿರಿಯ ವೈದ್ಯರ ಅಭಿಪ್ರಾಯದಿಂದ ತೀರ್ಮಾನವಾಗುವ ಪ್ರಶ್ನೆಯಲ್ಲ ಇದು. ಚೀಟಿಯೆತ್ತಿದಂತೆ ರೋಗಿಗಳನ್ನು ಗುಂಪು ಮಾಡಿ, ವರ್ಷಗಟ್ಟಲೆ ಹಿಂಬಾಲಿಸಿ, ಬದುಕಿದವರನ್ನೂ ಸತ್ತವರನ್ನೂ ಎಣಿಸಬೇಕು. ೧೯೯೨ರಲ್ಲಿ ಕನೆಲೋಸ್ ಮತ್ತು ಸಂಗಡಿಗರು ೩೬೧ ರೋಗಿಗಳ ಇಂಥ ಲೆಕ್ಕವನ್ನು ಮುಂದಿಟ್ಟರು. ರೋಗ ಪೂರ್ತಿಯಾಗಿ ಮರೆಯಾದದ್ದು ಮಾಪ್ ಪಡೆದವರಲ್ಲಿ ನೂರಕ್ಕೆ ೬೭, ಎ.ಬಿ.ವಿ.ಡಿ. ಪಡೆದವರಲ್ಲಿ ೮೨, ಎರಡನ್ನೂ ಸರದಿಯಂತೆ ಪಡೆದವರಲ್ಲಿ ೮೩. ಐದು ವರ್ಷಗಳ ಮೇಲೂ ಚಿಕಿತ್ಸೆ ವಿಫಲವಾಗದೆ ಉಳಿದವರು ಅದೇ ಕ್ರಮದಲ್ಲಿ ೫೦, ೬೧ ಮತ್ತು ೬೫. ಎಂಟು ಔಷಧಗಳ ಭಾರವನ್ನು ಹೊರಿಸಿದರೂ ನಾಲ್ಕರಿಂದ ಬರುವ ಲಾಭವನ್ನು ಹೆಚ್ಚು ಮೀರಲಿಲ್ಲ. ಎ.ಬಿ.ವಿ.ಡಿ. ಸಂತಾನಶಕ್ತಿಯನ್ನು ಕಾಪಾಡಿತು, ರಕ್ತದ ಅರ್ಬುದವನ್ನು ತರುವುದೂ ಅಪರೂಪ. ಆದರೆ ಅದರಲ್ಲಿಯ ಏಡ್ರಿಯಮೈಸಿನ್ ಹೃದಯಕ್ಕೂ, ಬ್ಲಿಯೋಮೈಸಿನ್ ಶ್ವಾಸಕೋಶಕ್ಕೂ ಕುಂದು ತರಬಲ್ಲವು. ಗುಣವನ್ನೂ ದೋಷವನ್ನೂ ತೂಗಿ ನೋಡಿದ ವೈದ್ಯಲೋಕ ಎ.ಬಿ.ವಿ.ಡಿ.ಯನ್ನು ಒಪ್ಪಿಕೊಂಡಿತು.

ಜರ್ಮನಿಯ ಫೋಲ್ಕರ್ ಡೀಲ್ ಬೇರೊಂದು ದಾರಿ ಹಿಡಿದನು. ಏಳು ಔಷಧಗಳ ಬೀಕಾಪ್ ಎಂಬ ಕೂಟ ಆತನದು. ಅದರ ಪ್ರಮಾಣವನ್ನು ಏರಿಸಿದ ರೂಪವೂ ಒಂದುಂಟು. ೨೦೦೩ರ ವರದಿಯಲ್ಲಿ, ಐದು ವರ್ಷಗಳ ಅನಂತರ ಬದುಕುಳಿದವರು ಹಳೆಯ ಮಾದರಿಯ ಚಿಕಿತ್ಸೆಯಲ್ಲಿ ನೂರಕ್ಕೆ ೮೩, ಬೀಕಾಪ್‌ನಲ್ಲಿ ೮೮, ಏರಿಸಿದ ಬೀಕಾಪ್‌ನಲ್ಲಿ ೯೧. ಬಲಿಷ್ಠವಾದದ್ದೇ ಗೆದ್ದಿತೆನ್ನುವಷ್ಟರಲ್ಲಿ ಸಂತಾನಹಾನಿಯ, ರಕ್ತದ ಅರ್ಬುದದ ಲೆಕ್ಕ ಎದುರು ನಿಂತಿತು. ೨೦೧೧ರಲ್ಲಿ ಇಟಲಿಯವರು ೩೩೧ ರೋಗಿಗಳಲ್ಲಿ ಮತ್ತೆ ಹೋಲಿಸಿದರು. ಮೊದಲ ಚಿಕಿತ್ಸೆಯ ಮೇಲೆ ಏಳು ವರ್ಷ ರೋಗ ಮರುಕಳಿಸದೆ ಉಳಿದವರು ಬೀಕಾಪ್‌ನಲ್ಲಿ ೮೫, ಎ.ಬಿ.ವಿ.ಡಿ.ಯಲ್ಲಿ ೭೩. ಆದರೆ ಮರುಕಳಿಸಿದವರಿಗೆ ಎರಡನೆಯ ಚಿಕಿತ್ಸೆ ಕೊಟ್ಟ ಮೇಲೆ ಬದುಕುಳಿದವರು ೮೯ ಮತ್ತು ೮೪. ಆ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಎಲ್ಲರಿಗೂ ಮೊದಲೇ ಕಠಿನ ಚಿಕಿತ್ಸೆ ಕೊಡಬೇಕೋ, ಬೇಕಾದವರಿಗೆ ಮಾತ್ರ ಆಮೇಲೆ ಕೊಡಬೇಕೋ? ನಿಜವಾದ ಪ್ರಶ್ನೆ ಇದೇ.

ಅನಂತರದ ಸಂಶೋಧನೆ ಈ ಗಂಟನ್ನು ಮೆಲ್ಲನೆ ಬಿಡಿಸುತ್ತಿದೆ. ಎರಡು ಆವರ್ತನಗಳಾದ ಮೇಲೆ ಪೆಟ್ ಎಂಬ ಚಿತ್ರಪರೀಕ್ಷೆಯಲ್ಲಿ ರೋಗ ಕಾಣದಿದ್ದರೆ ಬ್ಲಿಯೋಮೈಸಿನ್ನನ್ನು ಬಿಡಬಹುದು, ಫಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಶ್ವಾಸಕೋಶಕ್ಕೆ ಒಳಿತಾಗುತ್ತದೆಯೆಂದು ೨೦೧೬ರಲ್ಲಿ ತಿಳಿದುಬಂದಿತು. ಬ್ಲಿಯೋಮೈಸಿನ್ನಿನ ಸ್ಥಾನದಲ್ಲಿ, ರೋಗಕೋಶವನ್ನೇ ಗುರುತಿಸಿ ವಿಷವನ್ನು ಒಯ್ಯುವ ಬ್ರೆಂಟು‌ಕ್ಸಿಮಾಬ್ ಕೊಟ್ಟಾಗ ಆರು ವರ್ಷಗಳ ಅನಂತರ ಬದುಕಿದ್ದವರು ನೂರಕ್ಕೆ ಸುಮಾರು ೯೪, ಎ.ಬಿ.ವಿ.ಡಿ.ಯಲ್ಲಿ ೮೯. ೨೦೨೪ರಲ್ಲಿ ಪ್ರಕಟವಾದ ಇನ್ನೊಂದು ಹೋಲಿಕೆಯಲ್ಲಿ, ದೇಹದ ರಕ್ಷಣಾಶಕ್ತಿಯ ಕಟ್ಟನ್ನು ಬಿಚ್ಚುವ ನಿವೋಲುಮಾಬ್ ಇದನ್ನೂ ಮೀರಿಸಿತು. ಎರಡು ವರ್ಷಗಳಲ್ಲಿ ರೋಗ ಮುಂದುವರಿಯದೆ ಉಳಿದವರು ೯೨, ಬ್ರೆಂಟುಕ್ಸಿಮಾಬಿನಲ್ಲಿ ೮೩. ಅದೇ ವರ್ಷ ಜರ್ಮನಿಯವರು, ಬೀಕಾಪನ್ನು ಹದಗೊಳಿಸಿ ಬ್ರೆಂಟುಕ್ಸಿಮಾಬನ್ನು ಸೇರಿಸಿದ ಕೂಟದಲ್ಲಿ, ಹಾನಿ ತಗ್ಗಿಯೂ ಫಲ ಹೆಚ್ಚುವುದನ್ನು ತೋರಿಸಿದರು. ಆದರೆ ಈ ನವೀನ ಔಷಧಗಳ ಬೆಲೆ ವಿಪರೀತ. ನಮ್ಮಂಥ ದೇಶದಲ್ಲಿ ಸಾಮಾನ್ಯ ಕುಟುಂಬದ ರೋಗಿಗೆ ಎ.ಬಿ.ವಿ.ಡಿ.ಯೇ ಇಂದಿಗೂ ದೊಡ್ಡ ಆಸರೆ. ಹೋಲಿಕೆಯ ತಕ್ಕಡಿಯಲ್ಲಿ ರೋಗಿಯ ಕೈಯಲ್ಲಿರುವ ಹಣವೂ ಒಂದು ತೂಕವೇ.

ಮಾಪ್‌ನಿಂದ ಇಂದಿನವರೆಗಿನ ಈ ದಾರಿಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಎಷ್ಟು ಜನ ಬದುಕಿದರೆಂಬ ಪ್ರಶ್ನೆಯೊಡನೆ, ಬದುಕಿದವರಿಗೆ ಏನು ಉಳಿಯಿತೆಂಬ ಪ್ರಶ್ನೆಯನ್ನೂ ಕೇಳಿದಾಗಲೆಲ್ಲ ಚಿಕಿತ್ಸೆ ಒಂದು ಹೆಜ್ಜೆ ಮುಂದೆ ಹೋಗಿದೆ. ಬಲವಾದ ಮದ್ದೇ ಶ್ರೇಷ್ಠವಾದ ಮದ್ದಲ್ಲವೆಂಬುದನ್ನು ವೈದ್ಯರಿಗೆ ಕಲಿಸಿದ್ದು ಪ್ರತಿಭೆಗಿಂತ ಹೆಚ್ಚಾಗಿ ಪ್ರಾಮಾಣಿಕವಾದ ಎಣಿಕೆ. ಗೈಸ್ ಆಸ್ಪತ್ರೆಯ ಶವಾಗಾರದಲ್ಲಿ ಒಂದೊಂದು ಜಾಡಿಗೂ ಚೀಟಿ ಅಂಟಿಸುತ್ತಿದ್ದ ಆ ಕ್ವೇಕರ್ ತರುಣನು ಮಾಡುತ್ತಿದ್ದುದೂ ಅದನ್ನೇ. ಆತನು ಒಬ್ಬ ರೋಗಿಯನ್ನೂ ಈ ವ್ಯಾಧಿಯಿಂದ ಉಳಿಸಲಿಲ್ಲ; ಉಳಿಸುವ ಸಾಧನ ಆ ಕಾಲದಲ್ಲಿ ಇರಲೂ ಇಲ್ಲ. ತನ್ನಿಂದ ಸಾಧ್ಯವಾದುದನ್ನು ಮಾಡಿ, ಅದನ್ನು ಇತರರು ಉಪಯೋಗಿಸುವಂತೆ ಬರೆದಿಟ್ಟು, ಅನ್ಯಾಯ ಕಂಡ ಕಡೆ ಬಾಯಿ ಬಿಟ್ಟು, ಅದರ ಫಲವನ್ನು ಗೊಣಗದೆ ಉಂಡನು.

ಇಂದು ಯಾವುದೋ ಊರಿನಲ್ಲಿ ಆರು ತಿಂಗಳ ಚಿಕಿತ್ಸೆ ಮುಗಿಸಿ, ಉದುರಿದ ಕೂದಲು ಮತ್ತೆ ಬೆಳೆದು, ಓದಿಗೋ ಉದ್ಯೋಗಕ್ಕೋ ಹಿಂದಿರುಗುವ ತರುಣನಿಗೆ ಜಾಫಾದ ಮಣ್ಣಿನಲ್ಲಿ ಮಲಗಿರುವವನ ಪರಿಚಯವಿರಲಾರದು. ವೈದ್ಯರ ಕಾಗದದ ಮೇಲಿನ ಆ ಹೆಸರನ್ನು ಅವನು ಆದಷ್ಟು ಬೇಗ ಮರೆಯಲು ಬಯಸುತ್ತಾನೆ. ಹಾಗೆ ಮರೆಯುವಂತಾದುದೇ ಆ ಹೆಸರಿಗೆ ಸಂದ ಗೌರವವೆಂದು ಥಾಮಸ್ ಹಾಡ್ಜ್‌ಕಿನ್ನನಂಥ ಮನುಷ್ಯನು ಸಂತೋಷದಿಂದ ಒಪ್ಪಿಕೊಳ್ಳುತ್ತಿದ್ದನು.